ಸಾಕವ್ವ, ಪದ್ಮಿ, ಪುಟ್ಮಲ್ಲಿ, ಗುಲಾಬಿ: ಉಮಾಶ್ರೀ ಎಂಬ ಪ್ರಕರಣ

ಉಮಾಶ್ರೀ ಯಾರು ಅಂತ ನಾಲ್ಕು ಜನರನ್ನು ಕೇಳಿ ನೋಡಿ. ನಾಲ್ಕು ಉತ್ತರ ಬರುತ್ತದೆ. ಹಳೇ ನಾಟಕದ ಮಂದಿ 'ಸಾಕವ್ವ' ಅನ್ನುತ್ತಾರೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಟಾಕೀಸಿಗೆ ಹೋಗುತ್ತಿದ್ದವರು ಸ್ವಲ್ಪ ನಕ್ಕು, ಹಾಸ್ಯನಟ ಎನ್.ಎಸ್. ರಾವ್ ಜೊತೆಗಿನ ಕಾಮಿಡಿ ನೆನಪು ಮಾಡಿಕೊಳ್ಳುತ್ತಾರೆ. ಫಿಲ್ಮ್ ಸೊಸೈಟಿಯವರು 'ಗುಲಾಬಿ ಟಾಕೀಸ್' ಅನ್ನುತ್ತಾರೆ. ಈಗಿನ ಮನೆಗಳಲ್ಲಿ ಕೇಳಿದರೆ ಪುಟ್ಟಕ್ಕ, ಅಷ್ಟೇ. ನಡುವೆ ಒಬ್ಬರು ಮಾಜಿ ಮಂತ್ರಿಯಮ್ಮನೂ ಇದ್ದಾರೆ, ಅದು ಐದನೇ ಉತ್ತರ.

ಇಷ್ಟೂ ಒಬ್ಬರೇ ಅಂತ ಎಲ್ಲರಿಗೂ ಗೊತ್ತು. ಆದರೂ ಅವರ ಬಗ್ಗೆ ಬರುವ ಬರಹಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ಬರುತ್ತದೆ. ಒಳ್ಳೆಯ ರಂಗನಟಿ, ಸಿನಿಮಾಕ್ಕೆ ಹೋಗಿ ಡಬಲ್ ಮೀನಿಂಗ್ ಕಾಮಿಡಿಯಲ್ಲಿ ಕಳೆದುಹೋದರು, ಕೊನೆಗೆ ನಿರ್ದೇಶಕ ಗಿರೀಶ್ ಕಾಸರವಳ್ಳಿ ಬಂದು ಕೈಹಿಡಿದು ಮೇಲೆತ್ತಿದರು, ರಾಷ್ಟ್ರಪ್ರಶಸ್ತಿ ಬಂತು. ಕೇಳೋಕೆ ಚೆನ್ನಾಗಿದೆ. ಆದರೆ ನನಗೆ ಇದು ಪೂರ್ತಿ ಸರಿ ಅನ್ನಿಸಿಲ್ಲ. ಕಳೆದುಹೋದದ್ದು ನಟಿಯಲ್ಲ, ಅವರಿಗೆ ಬರೆದ ಪಾತ್ರಗಳು. ಅವರು ಎಲ್ಲಾ ಕಡೆ ಒಂದೇ ಕೆಲಸ ಮಾಡುತ್ತಿದ್ದರು, ಜಾಗ ಸಿಕ್ಕಾಗ ಅದು ಕಂಡಿತು, ಸಿಗದಾಗ ಕಾಣಲಿಲ್ಲ. ಈ ಬರಹದಲ್ಲಿ ನೋಡಬೇಕೆಂದಿರುವುದು ಅದೊಂದನ್ನೇ: ಒಬ್ಬ ದೊಡ್ಡ ನಟಿಯನ್ನು ಒಂದು ಚಿತ್ರರಂಗ ಸುಮಾರು ಇಪ್ಪತ್ತು ವರ್ಷ ಒಂದೇ ಖಾನೆಯಲ್ಲಿ ಇಟ್ಟದ್ದು ಹೇಗೆ, ಆ ಖಾನೆಯೊಳಗೆ ಅವರು ಮಾಡಿದ್ದೇನು, ಹೊರಗೆ ಬಂದದ್ದು ಹೇಗೆ.

ಮೊದಲು ಸಾಕವ್ವ

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಹೆಸರು ಬಂದದ್ದು ಬೆಂಗಳೂರಿನ ಹವ್ಯಾಸಿ ರಂಗಭೂಮಿಯಿಂದ. ಅವರನ್ನು ಅವರನ್ನಾಗಿ ಮಾಡಿದ್ದು ದೇವನೂರ ಮಹಾದೇವ ಅವರ 'ಒಡಲಾಳ'. ಅದನ್ನು ರಂಗಕ್ಕೆ ತಂದವರು ಸಿ.ಜಿ. ಕೃಷ್ಣಸ್ವಾಮಿ, ಎಲ್ಲರ ಬಾಯಲ್ಲಿ ಸಿಜಿಕೆ. 'ಬೆಲ್ಚಿ' ಬೀದಿನಾಟಕ ಮಾಡಿಸಿದ ಅದೇ ಸಿಜಿಕೆ.

'ಒಡಲಾಳ'ದ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ದಲಿತರ ಕೇರಿಯ ಒಂದು ಮನೆ. ಯಜಮಾನಿ ಸಾಕವ್ವ, ಮುದುಕಿ. ಅವಳ ಹುಂಜ ಕಳೆದುಹೋಗಿದೆ. ಹುಡುಕುತ್ತಾಳೆ, ಬೈಯುತ್ತಾಳೆ, ಶಾಪ ಹಾಕುತ್ತಾಳೆ. ರಾತ್ರಿ ಮಗನೊಬ್ಬ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮೂಟೆ ಹೊತ್ತು ತರುತ್ತಾನೆ. ಹಸಿದ ಮನೆಯೆಲ್ಲ ಸುತ್ತ ಕೂತು ಕಡಲೆಕಾಯಿ ತಿನ್ನುತ್ತದೆ. ಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಬೆಳಿಗ್ಗೆ ಪೊಲೀಸರು ಬರುತ್ತಾರೆ. ಇಷ್ಟೇ ಕಥೆ. ಆದರೆ ಓದಿದವರಿಗೆ ಗೊತ್ತು, ನಗು ಯಾವಾಗ ಸಂಕಟ ಆಯಿತು ಅಂತ ಗೆರೆ ಎಳೆದು ತೋರಿಸೋಕೆ ಆಗುವುದಿಲ್ಲ.

ನಟಿಯೊಬ್ಬಳ ಕಡೆಯಿಂದ ಇದನ್ನು ನೋಡಿ. ಸಾಕವ್ವನಿಗೆ ಹುಂಜ ಅಂದರೆ ಒಂದು ಕೋಳಿ ಅಷ್ಟೇ ಅಲ್ಲ, ಅವಳ ಆಸ್ತಿ, ಅವಳ ಹಟ, ಮನೆಯಲ್ಲಿ ಅವಳ ಮಾತಿಗೆ ಇರುವ ಬೆಲೆ. ಅದು ಹೋಯಿತು ಅಂತ ಅವಳು ಕೂಗಾಡುವಾಗ ಪ್ರೇಕ್ಷಕರು ನಗಬೇಕು. ನಗದಿದ್ದರೆ ಆ ಪಾತ್ರ ಸತ್ತ ಹಾಗೆ, ಸುಮ್ನೆ ಒಂದು ಗೋಳಿನ ಮುದುಕಿ ಆಗಿಬಿಡುತ್ತದೆ. ಆದರೆ ನಗುತ್ತಾ ಇರುವಾಗಲೇ, ಒಂದು ಹುಂಜಕ್ಕೆ ಇಷ್ಟು ಒದ್ದಾಡಬೇಕಾದ ಬದುಕು ಎಂಥದ್ದು ಅನ್ನುವುದು ತಾನಾಗಿ ತಲೆಗೆ ಬರಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳಬಾರದು. ಕಡಲೆಕಾಯಿ ತಿನ್ನುವ ರಾತ್ರಿಯೂ ಹಾಗೇ. ರಂಗದ ಮೇಲೆ ತಿನ್ನುವುದು ಎಷ್ಟು ಕಷ್ಟ ಅಂತ ನಾಟಕ ಮಾಡಿದವರಿಗೆ ಗೊತ್ತು, ಅಲ್ವಾ. ಬಾಯಲ್ಲಿ ತುತ್ತಿದ್ದರೆ ಮಾತು ಕೇಳಿಸುವುದಿಲ್ಲ, ತಿಂದಂತೆ ನಟಿಸಿದರೆ ಸುಳ್ಳು ಅಂತ ಹಿಂದಿನ ಸಾಲಿಗೂ ಗೊತ್ತಾಗುತ್ತದೆ. ಹಸಿದವರು ತಿನ್ನುವ ಹಾಗೆ ತಿನ್ನಬೇಕು, ಕದ್ದ ಮಾಲು ಅನ್ನುವ ಭಯವೂ ಇರಬೇಕು, ಮೇಲಿಂದ ಒಂದು ಹಬ್ಬದ ಖುಷಿಯೂ ಕಾಣಬೇಕು. ಎಲ್ಲಾ ಒಟ್ಟಿಗೆ.

ಇನ್ನೂ ಒಂದು ಸಂಗತಿ ಇದೆ. ದೇವನೂರರ ಮಾತು ನಂಜನಗೂಡು ಕಡೆಯದ್ದು. ಉಮಾಶ್ರೀ ತಿಪಟೂರು ಕಡೆಯವರು. ಹೊರಗಿನವರಿಗೆ ಎರಡೂ ಹಳೇ ಮೈಸೂರಿನ ಕನ್ನಡವೇ. ಆದರೆ ಆ ಊರಿನವರ ಕಿವಿಗೆ ಎರಡಕ್ಕೂ ಬೇರೆ ಬೇರೆ ರಾಗ. ಆ ರಾಗ ಹಿಡಿದು, ಇನ್ನೂ ಮುದುಕಿಯಾಗಲು ದಶಕಗಳಿದ್ದ ವಯಸ್ಸಿನಲ್ಲಿ ಮುದುಕಿಯಾಗಿ ಅವರು ನಿಂತರು. ನೋಡಿದವರು ಈಗಲೂ ಉಮಾಶ್ರೀ ಅನ್ನುವ ಮೊದಲು ಸಾಕವ್ವ ಅನ್ನುತ್ತಾರೆ.

ಮುಂದಕ್ಕೆ ಬೇಕಾದ ಎರಡು ವಿಷಯ ಇಲ್ಲಿಂದಲೇ ಸಿಗುತ್ತವೆ. ಒಂದು, ಈ ನಟಿಗೆ ನಗಿಸುವುದು ಮತ್ತು ಅಳಿಸುವುದು ಬೇರೆ ಬೇರೆ ಕೆಲಸ ಆಗಿರಲಿಲ್ಲ. ಎರಡು, ತನ್ನ ವಯಸ್ಸಿಗಿಂತ ಬಹಳ ದೊಡ್ಡವಳಾಗಿ ಕಾಣಲು ಇವರಿಗೆ ಯಾವ ಹಿಂಜರಿಕೆಯೂ ಇರಲಿಲ್ಲ. ಸಿನಿಮಾ ಎರಡನ್ನೂ ಬಳಸಿಕೊಂಡಿತು, ಆದರೆ ತನಗೆ ಬೇಕಾದ ಹಾಗೆ.

ಖಾನೆ

1984ರಲ್ಲಿ ಕಾಶೀನಾಥ್ ಅವರ 'ಅನುಭವ' ಬಂತು. ಲೈಂಗಿಕತೆಯ ವಿಷಯವನ್ನು ಮುಚ್ಚುಮರೆ ಇಲ್ಲದೆ ಎತ್ತಿಕೊಂಡ ಸಿನಿಮಾ. ಅದರಲ್ಲಿ ಉಮಾಶ್ರೀ ಪದ್ಮಿ. ಆಗ ಅವರಿಗೆ ಇಪ್ಪತ್ತೇಳು. ಸಿನಿಮಾ ಓಡಿತು, ಪದ್ಮಿ ಮನೆಮಾತಾದಳು. ತೊಂದರೆ ಶುರುವಾದದ್ದೂ ಅಲ್ಲಿಂದಲೇ. ನಮ್ಮ ಚಿತ್ರರಂಗದಲ್ಲಿ ಒಂದು ಪಾತ್ರ ಗೆದ್ದರೆ ಆ ನಟಿಗೆ ಮುಂದಿನ ಹತ್ತು ಸಿನಿಮಾಕ್ಕೆ ಅದೇ ಪಾತ್ರದ ಜೆರಾಕ್ಸ್ ಕೊಡುತ್ತಾರೆ. ಪದ್ಮಿಗೆ 'ಅನುಭವ'ದಲ್ಲಿ ಒಂದು ಕಾರಣ ಇತ್ತು, ಕಥೆಗೆ ಅವಳು ಬೇಕಿತ್ತು. ಜೆರಾಕ್ಸ್‌ಗಳಿಗೆ ಕಾರಣ ಇರಲಿಲ್ಲ. ಕಥೆ ಒಂದು ಕಡೆ ನಡೆಯುತ್ತಿರುತ್ತದೆ, ಕಾಮಿಡಿ ಟ್ರ್ಯಾಕ್ ಇನ್ನೊಂದು ಕಡೆ ಬೇರೆಯೇ ಓಡುತ್ತಿರುತ್ತದೆ. ಆ ಟ್ರ್ಯಾಕಿನಲ್ಲಿ ಎನ್.ಎಸ್. ರಾವ್, ಉಮಾಶ್ರೀ, ಎರಡು ಅರ್ಥದ ನಾಲ್ಕು ಮಾತು, ಗಂಡನಿಗೆ ಒಂದು ಏಟು, ಕಟ್.

ಈ ಖಾನೆಗೆ ತಳ್ಳಿದವರು ಯಾರು ಅಂತ ಕೇಳಿದರೆ ಎಲ್ಲರೂ ನಿರ್ಮಾಪಕರ ಕಡೆ ಬೆರಳು ತೋರಿಸುತ್ತಾರೆ. ಸರಿಯೇ. ಆ ಕಾಲದಲ್ಲಿ ನಾಯಕಿ ಅಂದರೆ ಒಂದು ಬಣ್ಣ, ಒಂದು ಮೈಕಟ್ಟು, ಎಷ್ಟೋ ಸಲ ಬೇರೆ ರಾಜ್ಯದಿಂದ ಬಂದವರು, ಮಾತು ಡಬ್ಬಿಂಗ್‌ನಲ್ಲಿ ಬೇರೆಯವರದು. ಹಾಗಿಲ್ಲದ ಹೆಣ್ಣಿಗೆ ಉಳಿದದ್ದು ಎರಡೇ, ಅಮ್ಮ ಅಥವಾ ಕಾಮಿಡಿ. ತಮಾಷೆ ನೋಡಿ, ಕನ್ನಡದ ಮಾತನ್ನು ಇಷ್ಟು ಚೆನ್ನಾಗಿ ಆಡಬಲ್ಲ ನಟಿಗೆ ನಾಯಕಿಯಾಗುವ ಯೋಗ ಇರಲಿಲ್ಲ, ಕನ್ನಡ ಬಾರದವರಿಗೆ ಇತ್ತು.

ಆದರೆ ಹವ್ಯಾಸಿ ರಂಗಭೂಮಿಯನ್ನು ಈ ಲೆಕ್ಕದಿಂದ ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಹವ್ಯಾಸಿ ಅನ್ನುವ ಹೆಸರಿನಲ್ಲೇ ವಿಷಯ ಇದೆ. ಹಗಲು ಬ್ಯಾಂಕು, ಆಫೀಸು, ಕಾಲೇಜಿನಲ್ಲಿ ಸಂಬಳದ ಕೆಲಸ, ಸಂಜೆ ರಿಹರ್ಸಲ್. ಸಂಬಳ ಇದ್ದವರಿಗೆ ನಾಟಕ ಒಂದು ಪ್ರೀತಿ, ಒಂದು ಚಳವಳಿ. ಸಂಬಳ ಇಲ್ಲದೆ ನಟನೆಯಿಂದಲೇ ಮನೆ ನಡೆಸಬೇಕಾದ ಹೆಣ್ಣಿಗೆ ಅದರಿಂದ ಬಸ್ ಚಾರ್ಜೂ ಹುಟ್ಟುತ್ತಿರಲಿಲ್ಲ. ಹಾಗಿರುವಾಗ ಅವಳು ಸಿನಿಮಾಕ್ಕೆ ಹೋದರೆ 'ಹಾಳಾದಳು' ಅನ್ನುವುದು ಬಹಳ ಸುಲಭದ ಮಾತು. ಸಾಕವ್ವನ ಹಸಿವಿಗೆ ಕಣ್ಣೀರು ಹಾಕಿ ಚಪ್ಪಾಳೆ ತಟ್ಟಿದ ಎಷ್ಟೋ ಮಂದಿ, ಅದೇ ನಟಿ ದುಡಿಮೆಗೆ ಅಂತ ಕಾಮಿಡಿ ಮಾಡಿದಾಗ ಮೂಗು ಮುರಿದರು. ಇದು ನನಗೆ ಆ ಕಾಮಿಡಿ ಟ್ರ್ಯಾಕುಗಳಿಗಿಂತ ಜಾಸ್ತಿ ನಗು ತರಿಸುತ್ತದೆ.

ಮತ್ತೆ, ಆ ಟ್ರ್ಯಾಕುಗಳನ್ನು ಈಗ ಕೂತು ನೋಡಿ. ಬರವಣಿಗೆ ಬಹಳ ಕಡೆ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಹೆಣ್ಣಿನ ಮೈಯನ್ನೇ ಜೋಕ್ ಮಾಡುವ ಸಾಲುಗಳನ್ನು ಇವತ್ತು ಕೇಳಲು ಆಗುವುದಿಲ್ಲ. ಆದರೆ ಉಮಾಶ್ರೀ ಏನು ಮಾಡುತ್ತಿದ್ದಾರೆ ಅಂತ ಮಾತ್ರ ನೋಡಿ, ಬೇಕಾದರೆ ಸೌಂಡ್ ಕಡಿಮೆ ಮಾಡಿ. ಎದುರಿನವನ ಮಾತು ಮುಗಿಯುವ ಮೊದಲೇ ಅವರ ಮುಖ ಉತ್ತರ ಕೊಟ್ಟಿರುತ್ತದೆ. ಸೆರಗು ಸಿಕ್ಕಿಸಿಕೊಳ್ಳುವುದರಲ್ಲೇ ಜಗಳಕ್ಕೆ ಬರುತ್ತಿದ್ದೇನೆ ಅನ್ನುವುದು ತಿಳಿಯುತ್ತದೆ. ಇಡೀ ದೃಶ್ಯದಲ್ಲಿ ಅವರಿಗೆ ಸಿಗುವುದು ಒಂದು ನಿಮಿಷ, ಕ್ಯಾಮೆರಾ ಹೆಚ್ಚಾಗಿ ಗಂಡಸಿನ ಮುಖದ ಮೇಲೆ. ಆ ಚೂರು ಸಮಯದಲ್ಲಿ ಒಬ್ಬ ಗಟ್ಟಿಗಿತ್ತಿ ಹೆಂಗಸು ಕಣ್ಣಿಗೆ ಕಟ್ಟುತ್ತಾಳೆ, ಅವಳ ಮನೆ, ಅವಳ ಬೀದಿ ಸಮೇತ. ಬರೆದವರು ಅದನ್ನು ಬರೆದಿರಲಿಲ್ಲ, ನಟಿ ತಂದಿದ್ದು. ಡಬಲ್ ಮೀನಿಂಗ್ ಮಾತನ್ನು ಹಸಿಹಸಿಯಾಗಿ ಹೇಳಿದರೆ ಅಸಹ್ಯ ಆಗುತ್ತದೆ, ಹೆದರಿ ಹೇಳಿದರೆ ಇನ್ನೂ ಅಸಹ್ಯ. ಅವರು ಹಳ್ಳಿಯ ಜಗಲಿಯ ಮೇಲೆ ಹೆಂಗಸರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಧಾಟಿಯಲ್ಲಿ ಹೇಳಿಬಿಡುತ್ತಿದ್ದರು. ಅದಕ್ಕೇ ಗಂಡಸರಷ್ಟೇ ಹೆಂಗಸರೂ ನಗುತ್ತಿದ್ದರು ಅಂತ ನನ್ನ ಲೆಕ್ಕ.

ಮೂವತ್ತೆಂಟರ ಅಜ್ಜಿ

1995. ರವಿಚಂದ್ರನ್ ಅವರ 'ಪುಟ್ನಂಜ'. ನಾಯಕನ ಅಜ್ಜಿ ಪುಟ್ಮಲ್ಲಿ, ಉಮಾಶ್ರೀ. ಹುಟ್ಟಿದ ವರ್ಷ ನೋಡಿದರೆ ಅಜ್ಜಿಗೂ ಮೊಮ್ಮಗನಿಗೂ ನಾಲ್ಕೇ ವರ್ಷದ ಅಂತರ! ಅವರು 1957, ರವಿಚಂದ್ರನ್ 1961. ಮೂವತ್ತೆಂಟರ ಹೆಣ್ಣಿಗೆ ಬಿಳಿ ಕೂದಲು ಹಾಕಿ ಅಜ್ಜಿ ಮಾಡುತ್ತಾರೆ, ಮೂವತ್ನಾಲ್ಕರ ಗಂಡು ಮೊಮ್ಮಗನಾಗಿ ಡ್ಯುಯೆಟ್ ಹಾಡುತ್ತಾನೆ. ಇದು ರವಿಚಂದ್ರನ್ ಒಬ್ಬರ ಮೇಲಿನ ದೂರಲ್ಲ. ಎಲ್ಲಾ ಭಾಷೆಯ ಸಿನಿಮಾದಲ್ಲೂ ನಡೆದದ್ದೇ.

ಆದರೂ ಪುಟ್ಮಲ್ಲಿ ಈ ಪ್ರಕರಣದಲ್ಲಿ ಒಂದು ತಿರುವು. ಯಾಕೆಂದರೆ ಮೊದಲ ಸಲ ಒಂದು ದೊಡ್ಡ ಕಮರ್ಷಿಯಲ್ ಸಿನಿಮಾದಲ್ಲಿ ಅವರಿಗೆ ಟ್ರ್ಯಾಕ್ ಅಲ್ಲ, ಕಥೆಯ ಒಳಗೇ ಜಾಗ ಸಿಕ್ಕಿತು. ನಗಿಸುವ ಅಜ್ಜಿ, ಮನೆಯ ಮರ್ಯಾದೆ ಕಾಯುವ ಅಜ್ಜಿ, ಎರಡೂ ಒಬ್ಬಳೇ. ಬೆನ್ನು ಬಾಗಿಸಿ, ಬಾಯಿ ಚೊಟ್ಟ ಮಾಡಿ 'ಮುದುಕಿ' ಅಂತ ತೋರಿಸುವ ನಾಟಕೀಯತೆ ಅಲ್ಲಿ ಕಡಿಮೆ. ಹಳ್ಳಿಯಲ್ಲಿ ಎಪ್ಪತ್ತಾದರೂ ಗದ್ದೆಗೆ ಹೋಗಿ ಬರುವ ಹೆಂಗಸರಿಗೆ ಒಂದು ಬಿರುಸು ಇರುತ್ತದಲ್ಲ, ಅದು. ಸಾಕವ್ವನನ್ನು ನೋಡಿದವರಿಗೆ ಇದು ಎಲ್ಲಿಂದ ಬಂತು ಅಂತ ಹೇಳಬೇಕಾಗಿರಲಿಲ್ಲ. ನೋಡದವರು ಪುಟ್ಮಲ್ಲಿಯನ್ನು ಪ್ರೀತಿಸಿದರು, ಇವತ್ತಿಗೂ ಆ ಹೆಸರು ಹೇಳಿದರೆ ಮುಖ ಅರಳುತ್ತದೆ.

ಇದರ ಪರಿಣಾಮ ಏನಾಯಿತು? ಊಹಿಸಬಹುದು. ಅಜ್ಜಿ, ಅತ್ತೆ, ಅಮ್ಮನ ಪಾತ್ರಗಳು. ಖಾನೆ ಬದಲಾಯಿತು, ಖಾನೆ ಹೋಗಲಿಲ್ಲ. 2003ರಲ್ಲಿ ಯೋಗರಾಜ್ ಭಟ್ ತಮ್ಮ ಮೊದಲ ಸಿನಿಮಾ 'ಮಣಿ'ಯಲ್ಲಿ ಅವರಿಗೆ ಕೊಟ್ಟ ಪಾತ್ರ ಈ ಸಾಲಿಗೆ ಸೇರುವಂಥದ್ದಲ್ಲ ಅನ್ನುವುದನ್ನೂ ಹೇಳಬೇಕು. ಅಷ್ಟರಲ್ಲಿ ರಾಜಕೀಯವೂ ಶುರುವಾಗಿತ್ತು. 2001ರಿಂದ ಕಾಂಗ್ರೆಸ್ಸಿನ ವಿಧಾನ ಪರಿಷತ್ ಸದಸ್ಯೆ.

ಗುಲಾಬಿ

2008ರಲ್ಲಿ 'ಗುಲಾಬಿ ಟಾಕೀಸ್'. ವೈದೇಹಿಯವರ ಕಥೆ. ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಕಾಸರವಳ್ಳಿ ಕಾಲವನ್ನು ಮುಂದಕ್ಕೆ ತಂದು, ಕಾರ್ಗಿಲ್ ಯುದ್ಧದ ಹೊತ್ತಿಗೆ ಇಟ್ಟು, ಕುಂದಾಪುರದ ಕಡೆಯ ಮೀನುಗಾರರ ಊರಿಗೆ ಬಣ್ಣದ ಟಿವಿ ತಂದರು. ಗುಲಾಬಿ ಮುಸ್ಲಿಂ ಸೂಲಗಿತ್ತಿ. ಗಂಡ ಮೂಸಾ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಇವಳಿಗೆ ಸಿನಿಮಾ ಹುಚ್ಚು. ಸಿನಿಮಾ ಬಿಟ್ಟು ಹೆರಿಗೆ ಮಾಡಿಸೋಕೆ ಬರಬೇಕಾದಾಗ ಸಿಗುವ ಉಡುಗೊರೆ ಟಿವಿ, ಡಿಶ್ಶು. ಅದುವರೆಗೆ ಅವಳ ಮನೆ ಹೊಸಿಲು ತುಳಿಯದ ಹೆಂಗಸರು ಟಿವಿ ನೋಡಲು ಬರತೊಡಗುತ್ತಾರೆ. ಆಮೇಲೆ ಯುದ್ಧದ ಸುದ್ದಿ, ಮೀನುಗಾರಿಕೆಯ ಜಗಳ, ಒಬ್ಬ ಹುಡುಗಿ ಕಾಣೆಯಾಗುವುದು, ಇಷ್ಟು ದಿನ ಬರೀ ಗುಲಾಬಿಯಾಗಿದ್ದವಳು ಇದ್ದಕ್ಕಿದ್ದಂತೆ ಊರಿಗೆ ಸಾಬರವಳಾಗಿಬಿಡುವುದು.

ಇಲ್ಲಿ ಉಮಾಶ್ರೀಗೆ ಹೊಸದಾಗಿ ಸಿಕ್ಕಿದ್ದೇನು? ಪಾತ್ರ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಪಾತ್ರಕ್ಕಿಂತ ಮುಖ್ಯವಾಗಿ ಸಿಕ್ಕಿದ್ದು ಹೊತ್ತು. ಕಾಸರವಳ್ಳಿಯವರ ಕ್ಯಾಮೆರಾ ಕಾಯುತ್ತದೆ. ಗುಲಾಬಿ ಪರದೆಯ ಮುಂದೆ ಕೂತಾಗ ನಾವು ನೋಡುವುದು ಪರದೆಯನ್ನಲ್ಲ, ನೋಡುತ್ತಿರುವ ಅವಳನ್ನು. ಬಾಯಿ ಸ್ವಲ್ಪ ತೆರೆದುಕೊಂಡಿದೆ, ಅಲ್ಲಿ ನಡೆಯುವುದಕ್ಕೆಲ್ಲ ಇಲ್ಲಿ ಮುಖ ಕುಣಿಯುತ್ತಿದೆ. ಒಬ್ಬ ಕಾಮಿಡಿ ನಟಿ ಇಪ್ಪತ್ತು ವರ್ಷ ಅಭ್ಯಾಸ ಮಾಡಿದ್ದು ಇದನ್ನೇ ಅಲ್ಲವಾ, ಎದುರಿನವರ ಮಾತಿಗೆ ಮುಖದಲ್ಲೇ ಉತ್ತರ ಕೊಡುವುದು? ಹಿಂದೆ ಅದಕ್ಕೆ ಕತ್ತರಿ ಬೀಳುತ್ತಿತ್ತು. ಇಲ್ಲಿ ಬೀಳಲಿಲ್ಲ.

ಟಿವಿ ಬಂದ ಮೇಲಿನ ಗುಲಾಬಿಯನ್ನು ಗಮನಿಸಿ. ಮನೆ ತುಂಬ ಹೆಂಗಸರು ಬಂದು ಕೂತಿದ್ದಾರೆ. ಅವಳು ಟಿವಿಯ ಒಡತಿ, ಆದರೆ ಒಡತಿಯ ಜಂಬ ಮಾಡುವಷ್ಟು ಧೈರ್ಯ ಇಲ್ಲ. ಬಂದವರು ಎದ್ದು ಹೋಗಬಾರದು ಅನ್ನುವ ಆಸೆಯೇ ಜಾಸ್ತಿ. ಉಪಚಾರ ಮಾಡುವಾಗ ಸ್ವಲ್ಪ ಬಗ್ಗುವ ಮೈ, ಯಾರಾದರೂ ಮಾತಾಡಿಸಿದರೆ ತಕ್ಷಣ ಅರಳುವ ಮುಖ. ಅದರಲ್ಲಿ ತಮಾಷೆ ಇದೆ, ನಾವು ನಗುತ್ತೇವೆ. ಮುಂದೆ ಅದೇ ಹೆಂಗಸರು ಬರುವುದು ನಿಲ್ಲಿಸಿದಾಗ ಉಮಾಶ್ರೀ ದೊಡ್ಡದಾಗಿ ಅಳುವುದಿಲ್ಲ, ಡೈಲಾಗ್ ಹೊಡೆಯುವುದಿಲ್ಲ. ಆ ನಗು ನಮಗೇ ಚುಚ್ಚುತ್ತದೆ. ಹುಂಜ ಹುಡುಕುವ ಸಾಕವ್ವನ ಲೆಕ್ಕಾಚಾರವೇ ಇದು, ಸಾಮಾನು ಮಾತ್ರ ಬೇರೆ.

ಮಾತಿನ ಕಡೆಯೂ ನೋಡಿ. ಕುಂದಾಪುರ ಕನ್ನಡ ಅಂದರೆ ತಿಪಟೂರಿನವರಿಗೆ ಬೇರೆ ಭಾಷೆ ಇದ್ದ ಹಾಗೆ. ಅದನ್ನು ಅಣಕದ ಹಾಗೆ ಆಡಿ ಕೆಡಿಸಿದ ಸಿನಿಮಾಗಳು ಬೇಕಾದಷ್ಟಿವೆ. ಇಲ್ಲಿ ಹಾಗಾಗಲಿಲ್ಲ. ಕರಾವಳಿಯ ಕಿವಿಗೆ ಅಲ್ಲಲ್ಲಿ ಒಂದು ರಾಗ ಹೆಚ್ಚುಕಡಿಮೆ ಅನ್ನಿಸಬಹುದು, ಆದರೆ ಮಾತು ಬಾಯಿಪಾಠದಿಂದ ಬರದೆ ಆ ಹೆಂಗಸಿನಿಂದ ಬರುತ್ತದೆ.

2007ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಅವರಿಗೆ ಬಂತು. ಅದೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೂ 'ಗುಲಾಬಿ ಟಾಕೀಸ್'. ದೆಹಲಿಯ ಓಸಿಯಾನ್ಸ್ ಸಿನೆಫ್ಯಾನ್ ಚಿತ್ರೋತ್ಸವದಲ್ಲೂ ಅತ್ಯುತ್ತಮ ನಟಿ. ಸಿನಿಮಾ ಬಂದಾಗ ಅವರಿಗೆ ಐವತ್ತೊಂದು.

ಪಕ್ಕದಲ್ಲಿ ಇಟ್ಟು ನೋಡಬೇಕಾದ ಹೆಸರು

ಕನ್ನಡ ಸಿನಿಮಾದ ಪಾತ್ರಕ್ಕೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಮೂರೇ ಸಲ. 1973ರ 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 2004ರ 'ಹಸೀನಾ'ಗೆ ತಾರಾ, 2007ರ ಸಾಲಿನಲ್ಲಿ ಉಮಾಶ್ರೀ. ತಾರಾ ಮತ್ತು ಉಮಾಶ್ರೀ ಇಬ್ಬರದ್ದನ್ನೂ ಅಕ್ಕಪಕ್ಕ ಇಡಿ. ಇಬ್ಬರೂ ಕಮರ್ಷಿಯಲ್ ಸಿನಿಮಾದಲ್ಲಿ ವರ್ಷಗಟ್ಟಲೆ ದುಡಿದವರು, ಇಬ್ಬರಿಗೂ ನಿರ್ದೇಶಕರು ಕಾಸರವಳ್ಳಿ, ಎರಡೂ ಪಾತ್ರಗಳು ಮುಸ್ಲಿಂ ಹೆಂಗಸಿನವು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಜಾಸ್ತಿ ಜನ ಹೇಳದ ಒಂದು ಸಾಮ್ಯ ಇದೆ. ಎರಡೂ ಕಥೆ ಬರೆದವರು ಹೆಂಗಸರು, 'ಹಸೀನಾ' ಬಾನು ಮುಷ್ತಾಕ್ ಅವರದು, 'ಗುಲಾಬಿ' ವೈದೇಹಿ ಅವರದು. ಯೌವನ ದಾಟಿದ, ಚೆಂದದ ಲೆಕ್ಕಕ್ಕೆ ಸಿಗದ ಹೆಂಗಸರಿಗೆ ಪೂರ್ತಿ ಬದುಕು ಇರುತ್ತದೆ ಅನ್ನುವುದು ಸಿನಿಮಾದವರಿಗೆ ತಾವಾಗಿ ಹೊಳೆಯಲಿಲ್ಲ, ಸಣ್ಣಕಥೆಯಿಂದ ಎರವಲು ತರಬೇಕಾಯಿತು. ಸಾಕವ್ವನೂ ಪುಸ್ತಕದಿಂದಲೇ ಬಂದವಳು. ಉಮಾಶ್ರೀ ಅವರ ಎರಡು ಅತಿ ದೊಡ್ಡ ಪಾತ್ರಗಳು ಕನ್ನಡ ಸಾಹಿತ್ಯದ ಕೊಡುಗೆ, ಚಿತ್ರಕಥೆ ಬರೆಯುವವರದ್ದಲ್ಲ.

ಹೊರಗೂ ಇಂಥದ್ದು ಆಗಿದೆ. ಮಲಯಾಳದ ಸುರಭಿ ಲಕ್ಷ್ಮಿ ಟಿವಿ ಕಾಮಿಡಿಯಿಂದ ಮನೆಮಾತಾದವರು, 2016ರ ಸಾಲಿನಲ್ಲಿ ಇದೇ ಪ್ರಶಸ್ತಿ ತಗೊಂಡರು. ಆಗಲೂ ಪತ್ರಿಕೆಗಳಲ್ಲಿ 'ಕಾಮಿಡಿ ನಟಿಗೆ ರಾಷ್ಟ್ರಪ್ರಶಸ್ತಿ' ಅನ್ನುವ ಆಶ್ಚರ್ಯದ ಧ್ವನಿಯೇ ಇತ್ತು. ಆಶ್ಚರ್ಯ ಯಾಕೆ ಅಂತ ನನಗೆ ಇನ್ನೂ ತಿಳಿದಿಲ್ಲ. ನಗಿಸೋಕೆ ಬರುವವರಿಗೆ ಉಳಿದದ್ದು ಬರುತ್ತದೆ, ಬರೀ ಅಳೋಕೆ ಬರುವವರಿಗೆ ನಗಿಸೋಕೆ ಹೇಳಿ ನೋಡಿ.

ಪ್ರಶಸ್ತಿ ಆದ ಮೇಲೆ

ರಾಷ್ಟ್ರಪ್ರಶಸ್ತಿ ಬಂದ ಕೂಡಲೇ ಪಾತ್ರಗಳ ಮಳೆ ಸುರಿಯಿತಾ? ಇಲ್ಲ. ಮುಂದೆ ಸಿನಿಮಾ ಅವರ ಬದುಕಿನ ಪಕ್ಕಕ್ಕೆ ಸರಿಯಿತು. ತೇರದಾಳದಲ್ಲಿ 2008ರಲ್ಲಿ ಸೋತು 2013ರಲ್ಲಿ ಗೆದ್ದರು. ತಿಪಟೂರು ಕಡೆಯ ಹೆಣ್ಣುಮಗಳು ಬಾಗಲಕೋಟೆ ಜಿಲ್ಲೆಯ ನೇಕಾರರ ಸೀಮೆಯಲ್ಲಿ ನಿಂತು ಗೆದ್ದದ್ದು ಸಣ್ಣ ಮಾತಲ್ಲ. ಕನ್ನಡ ಮತ್ತು ಸಂಸ್ಕೃತಿ, ಮಹಿಳಾ ಮತ್ತು ಮಕ್ಕಳ ಕಲ್ಯಾಣ ಖಾತೆಗಳ ಮಂತ್ರಿಯಾದರು. 2018ರಲ್ಲಿ ಅಲ್ಲೇ ಸೋತರು. 2023ರಲ್ಲಿ ಮತ್ತೆ ವಿಧಾನ ಪರಿಷತ್ತಿಗೆ ನಾಮಕರಣ. ಮಂತ್ರಿಗಿರಿ ಹೇಗೆ ಮಾಡಿದರು ಅನ್ನುವುದು ಬೇರೆಯೇ ಚರ್ಚೆ, ಇಲ್ಲಿ ಎತ್ತಿಕೊಳ್ಳುವುದಿಲ್ಲ.

ನನಗೆ ಕುತೂಹಲ ಇರುವುದು ಮಂತ್ರಿಗಿರಿ ಹೋದ ಮೇಲೆ ಅವರು ಎಲ್ಲಿಗೆ ಬಂದರು ಅನ್ನುವುದರಲ್ಲಿ. ರಂಗಕ್ಕೆ ಬಂದರು. ಬೇಲೂರು ರಘುನಂದನ್ ಬರೆದ, ಚಿದಂಬರರಾವ್ ಜಂಬೆ ನಿರ್ದೇಶಿಸಿದ 'ಶರ್ಮಿಷ್ಠೆ' ಏಕವ್ಯಕ್ತಿ ನಾಟಕ. ಅರವತ್ತರ ಆಸುಪಾಸಿನಲ್ಲಿ ಒಬ್ಬರೇ ಇಡೀ ನಾಟಕ ಹೊರುವುದು ಅಂದರೆ ಮಾತು ನೆನಪಿಡುವುದರಿಂದ ಹಿಡಿದು ಉಸಿರು ಉಳಿಸಿಕೊಳ್ಳುವವರೆಗೆ ಎಲ್ಲವೂ ಕಷ್ಟವೇ. ಮರೆತರೆ ಸಾಲು ಎತ್ತಿಕೊಡಲು ಎದುರಿಗೆ ಇನ್ನೊಬ್ಬ ನಟ ಇರುವುದಿಲ್ಲ. ಅಸುರರಾಜನ ಮಗಳಾಗಿ ಹುಟ್ಟಿ ದೇವಯಾನಿಯ ದಾಸಿಯಾದ ಶರ್ಮಿಷ್ಠೆ. ಇದರಲ್ಲಿ ಸೂಲಗಿತ್ತಿ ಇಲ್ಲ, ಮುದುಕಿ ಇಲ್ಲ, ಹಳ್ಳಿ ಭಾಷೆ ಇಲ್ಲ. ಅವರಿಗೆ ಬರುವುದು ಒಂದೇ ಬಗೆ ಅಂದುಕೊಂಡವರಿಗೆ ಇದು ಒಂದು ಉತ್ತರ.

ಹೊನ್ನಾವರದ ಕಡೆ ಯಕ್ಷಗಾನದಲ್ಲಿ ಮಂಥರೆಯೂ ಆದರು. ಮೇಳದ ಆಟದಲ್ಲಿ ಹೆಣ್ಣು ವೇಷವನ್ನೂ ಗಂಡಸರೇ ಕಟ್ಟುವ ರೂಢಿ ಇರುವ ಕಡೆ, ಮಾಜಿ ಮಂತ್ರಿಯೊಬ್ಬರು ಗೂನುಬೆನ್ನಿನ ದಾಸಿಯ ವೇಷ ಕಟ್ಟಿ ರಂಗಸ್ಥಳಕ್ಕೆ ಬಂದದ್ದು ಸುದ್ದಿಯಾಯಿತು. ಸುದ್ದಿಯಲ್ಲಿ 'ಮಾಜಿ ಸಚಿವೆ' ಅನ್ನುವುದೇ ದಪ್ಪ ಅಕ್ಷರದಲ್ಲಿತ್ತು. ಬೇರೆ ಪ್ರಕಾರದ ತಾಳ, ಹೆಜ್ಜೆ, ಮಾತುಗಾರಿಕೆಗೆ ಆ ವಯಸ್ಸಿನಲ್ಲಿ ಮೈ ಒಡ್ಡಿದ್ದು ನನಗೆ ಅದಕ್ಕಿಂತ ದೊಡ್ಡ ಸುದ್ದಿ.

2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ಗಂಡ ಬೇರೆ ಮನೆ ಮಾಡಿಕೊಂಡಿದ್ದಾನೆ, ಮೂವರು ಹೆಣ್ಣುಮಕ್ಕಳು, ಮೆಸ್ಸು ನಡೆಸಿ ಸಾಕುವ ಪುಟ್ಟಕ್ಕ. ಟಿಆರ್‌ಪಿಯಲ್ಲಿ ಮೇಲೆ ಕೂತಿತು. ಸೀರಿಯಲ್ ಅಂದರೆ ಮೂಗು ಮುರಿಯುವವರು ಇದ್ದೇ ಇದ್ದಾರೆ, ಹಿಂದೆ ಕಾಮಿಡಿಗೆ ಮುರಿದವರ ಸಂತತಿ. ಸೀರಿಯಲ್‌ನ ಕಟ್ಟು ಎಲ್ಲಾ ಸೀರಿಯಲ್‌ಗಳದ್ದೇ: ಎಳೆತ, ಹಿನ್ನೆಲೆ ಸಂಗೀತದ ಅಬ್ಬರ, ಒಂದೇ ಮುಖಕ್ಕೆ ಮೂರು ಸಲ ಕ್ಲೋಸಪ್ಪು. ಆದರೂ ಮೆಸ್ಸಿನಲ್ಲಿ ಊಟ ಬಡಿಸುವಾಗ, ಮಗಳನ್ನು ಬೈಯುತ್ತಲೇ ಅವಳ ತಟ್ಟೆಗೆ ಇನ್ನಷ್ಟು ಹಾಕುವಾಗ, ಆ ಕೈಗೆ ಬಡಿಸಿ ಅಭ್ಯಾಸ ಇದೆ ಅನ್ನುವುದು ಕಾಣುತ್ತದೆ. ಪಾತ್ರೆ ಹಿಡಿಯೋಕೇ ಬರದ ಸೀರಿಯಲ್ ಅಮ್ಮಂದಿರನ್ನು ನೋಡಿ ಸಾಕಾದವರಿಗೆ ಇಷ್ಟು ಸಾಕಿತ್ತು.

ಇಷ್ಟೆಲ್ಲ ಆದ ಮೇಲೆ ಯಾರಾದರೂ ಕೇಳಬಹುದು: ಪದ್ಮಿಯ ನಂತರದ ಆ ಇಪ್ಪತ್ತು ವರ್ಷದಲ್ಲಿ ಗುಲಾಬಿಯಂಥ ಇನ್ನೂ ನಾಲ್ಕು ಪಾತ್ರ ಸಿಕ್ಕಿದ್ದರೆ? ಸಿಗಬೇಕಿತ್ತು. ಮೂವತ್ತರಿಂದ ಐವತ್ತರವರೆಗಿನ ವಯಸ್ಸಿನಲ್ಲಿ, ತನ್ನ ವಯಸ್ಸಿನದ್ದೇ ಆದ ಒಂದು ದೊಡ್ಡ ಪಾತ್ರ ಉಮಾಶ್ರೀ ಅವರಿಗೆ ಸಿನಿಮಾದಲ್ಲಿ ಬಂದದ್ದು ನನಗೆ ನೆನಪಾಗುವುದಿಲ್ಲ. ಒಂದೋ ಅಜ್ಜಿ, ಇಲ್ಲ ಕಾಮಿಡಿ ಹೆಂಡತಿ. ಆ ವಯಸ್ಸಿನ ಹೆಂಗಸು ನಮ್ಮ ಚಿತ್ರಕಥೆಗಳಲ್ಲಿ ಆಗ ಇರಲಿಲ್ಲ, ಈಗಲೂ ಕಡಿಮೆಯೇ. 'ಗುಲಾಬಿ ಟಾಕೀಸ್' ಆದ ಮೇಲೆ 2023ರ ಸಾಲಿನವರೆಗೂ ಕನ್ನಡ ಸಿನಿಮಾದ ಪಾತ್ರಕ್ಕೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಇನ್ನೊಮ್ಮೆ ಬಂದಿಲ್ಲ. ನಟಿಯರಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಬೆಂಗಳೂರು, ಮೈಸೂರು, ಹೆಗ್ಗೋಡು, ಸಾಣೇಹಳ್ಳಿಯ ರಂಗಗಳ ಮೇಲೆ ಸಂಜೆಯಾದರೆ ಬೇಕಾದಷ್ಟು ಜನ ಕಾಣುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಈಗ ಸೀರಿಯಲ್‌ಗಳಲ್ಲಿ ಅತ್ತೆ ಪಾತ್ರ ಮಾಡುತ್ತಿದ್ದಾರೆ, ಮೂವತ್ತೈದನೇ ವಯಸ್ಸಿಗೇ.